ಊರೊಟ್ಟಿನ ಕಲೆ

‘ಕಲೆ’ ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಏನು ಸುಳಿಯುತ್ತದೆ? ಬೇಲೂರಿನ ಮದನಿಕೆಯರು ಸುಳಿಯಬಹುದು. ಬಾದಾಮಿಯ ಗುಹಾಲಯಗಳು ನೆನಪಾಗಬಹುದು. ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ಗಾಜಿನ ಹಿಂದೆ ತೂಗುವ ಚಿತ್ರಪಟವೋ, ಸಭಾಭವನದ ವೇದಿಕೆಯ ಮೇಲೆ ತಂಬೂರಿಯ ನಡುವೆ ಕುಳಿತ ಗಾಯಕರೋ ಮನಸ್ಸಿಗೆ ಬರಬಹುದು. ಇವೆಲ್ಲವೂ ಕಲೆಯೇ, ಮಾನವನ ಪ್ರತಿಭೆ ಮುಟ್ಟಿದ ಎತ್ತರಗಳೇ. ಆದರೆ ಇವನ್ನು ಮಾತ್ರ ಕಲೆಯೆಂದು ಎಣಿಸುತ್ತ ಹೋದರೆ ನಮಗೆ ಅರಿವಿಲ್ಲದಂತೆಯೇ ಒಂದು ತಪ್ಪು ತಿಳಿವಳಿಕೆ ಬೇರೂರಿಬಿಡುತ್ತದೆ. ಕಲೆಯೆಂಬುದು ಯಾರೋ ಕೆಲವರು ಮಾಡತಕ್ಕದ್ದು, ಉಳಿದವರು ದೂರದಲ್ಲಿ ನಿಂತು ನೋಡತಕ್ಕದ್ದು ಎಂಬುದೇ ಆ ತಿಳಿವಳಿಕೆ. ಇದು ಸರಿಯೇ ಎಂಬುದನ್ನು ಸ್ವಲ್ಪ ವಿಚಾರ ಮಾಡಬೇಕಾಗಿದೆ.

ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಮನೆಯ ಹೊಸ್ತಿಲಿನ ಆಚೆಗೆ ಒಂದು ಹೆಜ್ಜೆ ಇಟ್ಟರೆ ಸಾಕು. ಬೆಳಗಿನ ಜಾವದಲ್ಲಿ ಅಂಗಳ ಗುಡಿಸಿ, ನೀರು ಚಿಮುಕಿಸಿ, ತಾಯಿಯೋ ಅಕ್ಕನೋ ಎರಡು ಬೆರಳುಗಳ ನಡುವೆ ರಂಗೋಲಿಯ ಪುಡಿಯನ್ನು ಹಿಡಿದು ಬಗ್ಗುತ್ತಾರೆ. ಮೊದಲು ಚುಕ್ಕಿಗಳು, ಬಳಿಕ ಅವುಗಳನ್ನು ಬಳಸಿ ಸಾಗುವ ಒಂದೇ ಎಳೆಯ ಗೆರೆ. ಅದಕ್ಕೆ ಅಳತೆಗೋಲಿಲ್ಲ, ಅಳಿಸುವ ರಬ್ಬರಿಲ್ಲ. ಹೊತ್ತೇರುವಷ್ಟರಲ್ಲಿ ಹಾಲಿನವನ ಕಾಲು, ಶಾಲೆಗೆ ಓಡುವ ಮಕ್ಕಳ ಕಾಲು ಅದನ್ನು ತುಳಿದು ಅಳಿಸಿಬಿಡುತ್ತವೆ. ಹಾಕಿದವರಿಗೆ ಇದರಿಂದ ಕೋಪವಿಲ್ಲ, ದುಃಖವಿಲ್ಲ. ನಾಳೆ ಮತ್ತೊಂದು ಮೂಡುತ್ತದೆ. ಈ ಚಿತ್ರದ ಕೆಳಗೆ ಯಾರ ಸಹಿಯೂ ಇಲ್ಲ. ಇದನ್ನು ಯಾರೂ ಕೊಳ್ಳುವುದಿಲ್ಲ. ಆದರೂ ರಂಗೋಲಿ ಇಲ್ಲದ ಅಂಗಳವನ್ನು ಕಂಡ ನೆರೆಯವರು, “ಮನೆಯಲ್ಲಿ ಎಲ್ಲರೂ ಕ್ಷೇಮವಷ್ಟೇ?” ಎಂದು ವಿಚಾರಿಸುತ್ತಾರೆ. ಒಂದು ಗೆರೆಯ ಚಿತ್ತಾರ ಬೀದಿಗೆಲ್ಲ ಒಂದು ಮಾತು ಹೇಳುತ್ತಿತ್ತು ಎಂಬುದು ಅದು ಇಲ್ಲವಾದ ದಿನ ತಿಳಿಯುತ್ತದೆ.

ಕಲೆಯ ಸ್ವರೂಪವನ್ನು ಕುರಿತು ಪ್ರಾಜ್ಞರು ಬಗೆಬಗೆಯಾಗಿ ಚಿಂತಿಸಿದ್ದಾರೆ. ನಮ್ಮ ಆಲಂಕಾರಿಕರು ಕವಿಗೆ ಕೊಟ್ಟಷ್ಟೇ ಹಿರಿಮೆಯನ್ನು ಸಹೃದಯನಿಗೂ ಕೊಟ್ಟರು. ರಸವು ಒಬ್ಬನ ಸ್ವಂತ ಸುಖದುಃಖವಾಗಿ ಉಳಿಯದೆ, ಎಲ್ಲರಿಗೂ ಸಮಾನವಾದ ಅನುಭವವಾಗುವುದನ್ನು ಅವರು ‘ಸಾಧಾರಣೀಕರಣ’ವೆಂದು ಕರೆದರು. ರಷ್ಯದ ಮಹಾಲೇಖಕ ಟಾಲ್‌ಸ್ಟಾಯ್ 19ನೆಯ ಶತಮಾನದ ಕೊನೆಯಲ್ಲಿ ಕಲೆ ಎಂದರೇನು ಎಂಬುದನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ಒಬ್ಬನ ಹೃದಯದ ಭಾವ ಮತ್ತೊಬ್ಬನ ಹೃದಯಕ್ಕೆ ಸಂಕ್ರಮಿಸಿ ಜನರನ್ನು ಒಂದುಗೂಡಿಸುವುದೇ ಕಲೆಯ ಕಾರ್ಯವೆಂದು ವಾದಿಸಿದರು. ಅಮೆರಿಕದ ಶಿಕ್ಷಣ ತತ್ತ್ವಜ್ಞ ಜಾನ್ ಡ್ಯೂಯಿ 1934ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಲೆಯನ್ನು ಅನುಭವವೆಂದೇ ಭಾವಿಸಿ, ಅದನ್ನು ದಿನನಿತ್ಯದ ಬಾಳಿನಿಂದ ಬೇರ್ಪಡಿಸಿ ಎತ್ತರದ ಪೀಠದ ಮೇಲೆ ಕೂರಿಸುವುದನ್ನು ಆಕ್ಷೇಪಿಸಿದರು. ದೇಶ ಕಾಲಗಳು ಬೇರೆಯಾದರೂ ಇವರೆಲ್ಲರ ವಿಚಾರ ಒಂದು ಕಡೆ ಕೂಡುತ್ತದೆ. ಹಂಚಿಕೊಂಡಾಗಲೇ ಕಲೆಗೆ ಪೂರ್ಣತೆ ಎಂಬುದೇ ಆ ಕೂಡುನೆಲೆ.

ಈ ಮಾತಿಗೆ ನಮ್ಮ ಮಲೆನಾಡಿನಲ್ಲಿ ಒಂದು ಜೀವಂತ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ಮೊದಲಾದ ಕಡೆಗಳಲ್ಲಿ ವಾಸಿಸುವ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವೇ ಅದು. ಮದುವೆಯ ಮನೆಯಲ್ಲಿ ವಧೂವರರು ಕುಳಿತುಕೊಳ್ಳುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಹುರಿದು ಕರಕಾಗಿಸಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಕೆಮ್ಮಣ್ಣಿನಿಂದ ಕೆಂಪು, ಇಷ್ಟೇ ಬಣ್ಣಗಳು. ಕುಂಚವೋ ಪುಂಡಿಯ ನಾರಿನದು. ಅಂಗಡಿಯಿಂದ ತಂದದ್ದು ಒಂದೂ ಇಲ್ಲ. ಗದ್ದೆ, ಕಾಡು, ಅಡುಗೆಮನೆಗಳೇ ಬಣ್ಣದ ಪೆಟ್ಟಿಗೆಗಳು. ಎಳೆಗೆ ಎಳೆ ಸೇರಿಸಿ ಹೆಣೆದಂತೆ ಕಾಣುವ ಆ ಗೆರೆಗಳ ಚೌಕದಲ್ಲಿ ದಂಡಿಗೆ, ತೇರು, ಹಕ್ಕಿ, ಭತ್ತದ ತೆನೆ ಮೂಡಿ ನಿಲ್ಲುತ್ತವೆ. ಹಿರಿಯರು ಬರೆಯುತ್ತಿರುವಾಗ ಎಳೆಯ ಹುಡುಗಿಯರು ಪಕ್ಕದಲ್ಲಿ ಕುಳಿತು ಬಣ್ಣ ಕಲಸಿಕೊಡುತ್ತಾರೆ. ಕಲಸುತ್ತ ಕಲಸುತ್ತ ಕಲಿಯುತ್ತಾರೆ. ಹಾಡೂ ಚಿತ್ತಾರವೂ ಜೊತೆಜೊತೆಯಾಗಿ ಸಾಗುತ್ತವೆ.

ಇದೇ ಕೈಗಳು ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಬುಟ್ಟಿಗಳನ್ನು ಅಲಂಕರಿಸುತ್ತವೆ. ಅದನ್ನು ಆ ಸೀಮೆಯಲ್ಲಿ ಭೂಮಿ ಹುಣ್ಣಿಮೆ ಎನ್ನುತ್ತಾರೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವ ಕಾಲ. ಭೂಮಿತಾಯಿ ಬಸುರಿ ಎಂಬ ಭಾವನೆ. ಬಸುರಿಗೆ ಬಯಕೆಯ ಊಟ ಬಡಿಸಬೇಡವೇ? ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆದು, ರಾತ್ರಿಯೆಲ್ಲ ಎಚ್ಚರವಿದ್ದು ಬಗೆಬಗೆಯ ಸೊಪ್ಪು ತರಕಾರಿಗಳ ಅಡುಗೆ ಮಾಡಿ, ಆ ಬುಟ್ಟಿಯಲ್ಲಿ ತುಂಬಿ, ನಸುಕಿನಲ್ಲಿ ಗದ್ದೆಗೆ ಹೊತ್ತುಕೊಂಡು ಹೋಗಿ ಪೂಜಿಸಿ ಬೀರುತ್ತಾರೆ. ಬಳಿಕ ಮನೆಮಂದಿಯೆಲ್ಲ ಗದ್ದೆಯ ಬಳಿಯೇ ಕುಳಿತು ಉಣ್ಣುತ್ತಾರೆ. ಇಲ್ಲಿ ಚಿತ್ರ ಯಾವುದು, ಅಡುಗೆ ಯಾವುದು, ಬೇಸಾಯ ಯಾವುದು, ಭಕ್ತಿ ಯಾವುದು ಎಂದು ಗೆರೆ ಎಳೆದು ವಿಂಗಡಿಸುವುದು ಸಾಧ್ಯವೇ? ಬದುಕು ಇಡಿಯಾಗಿದೆ, ಕಲೆ ಅದರ ಒಳಗೆ ಉಪ್ಪಿನಂತೆ ಬೆರೆತಿದೆ. ಉತ್ತರ ಕರ್ನಾಟಕದ ರೈತರು ಹೊಲಕ್ಕೆ ಚರಗ ಚೆಲ್ಲುವುದೂ ಇದೇ ಭಾವದ ಇನ್ನೊಂದು ರೂಪ. ಹಸೆಯ ಮೇಲೆ ಕೂರುವ ಪದ್ಧತಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಕಲ್ಯಾಣ ಮಂಟಪದಲ್ಲಿ ಮದುವೆಯಾಗುವವರನ್ನೂ ನಾವು ‘ಹಸೆಮಣೆ ಏರಿದರು’ ಎಂದೇ ಹೇಳುತ್ತೇವೆ. ಗೋಡೆಯ ಚಿತ್ತಾರ ಅಳಿಸಿಹೋದ ಊರುಗಳಲ್ಲಿಯೂ ಅದರ ನೆರಳು ನುಡಿಯಲ್ಲಿ ಉಳಿದಿದೆ.

ಇನ್ನು ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಬಾಲ್ಯ ಕಳೆದದ್ದು ಬಯಲುಸೀಮೆಯ ಒಂದು ಹಳ್ಳಿಯಲ್ಲಿ. ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಊರಿನಲ್ಲಿ ದೊಡ್ಡಾಟದ ಮಾತು ಏಳುತ್ತಿತ್ತು. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕುಳಿತು ಯಾವ ಪ್ರಸಂಗ, ಯಾರಿಗೆ ಯಾವ ವೇಷ ಎಂಬುದನ್ನು ಗೊತ್ತುಮಾಡುತ್ತಿದ್ದರು. ಆಟದ ಮಾಸ್ತರು ಬೇರೆ ಊರಿನಿಂದ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದರು; ಅವರ ಊಟ ದಿನಕ್ಕೊಂದು ಮನೆಯಲ್ಲಿ. ಹಗಲೆಲ್ಲ ದುಡಿದ ಮಂದಿ ರಾತ್ರಿ ತಾಲೀಮಿಗೆ ಸೇರುತ್ತಿದ್ದರು. ಅಕ್ಷರ ಬಾರದವರು ಕಿವಿಯಿಂದ ಕೇಳಿ ಕೇಳಿಯೇ ನೂರಾರು ಪದಗಳನ್ನು ಬಾಯಿಪಾಠ ಮಾಡುತ್ತಿದ್ದರು. ಬಡಗಿ ಅಟ್ಟ ಕಟ್ಟುವನು. ಮನೆಮನೆಯಿಂದ ಸೀರೆಗಳು ಪರದೆಗೆಂದು ಬರುವುವು. ಎಣ್ಣೆಯ ಖರ್ಚನ್ನು ಒಬ್ಬರು, ಹೂವಿನ ಖರ್ಚನ್ನು ಒಬ್ಬರು ವಹಿಸಿಕೊಳ್ಳುವರು. ಆಟದ ರಾತ್ರಿ ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಧರಿಸಿ, ಮದ್ದಳೆಯ ಪೆಟ್ಟಿಗೆ ಸರಿಯಾಗಿ ಅಟ್ಟ ಅದುರುವಂತೆ ಹೆಜ್ಜೆ ಹಾಕುತ್ತ ಭೀಮನು ಬಂದು ನಿಂತರೆ, ತೂಕಡಿಸುತ್ತಿದ್ದ ನಾವು ಮಕ್ಕಳು ಎದ್ದು ಕುಳಿತುಬಿಡುತ್ತಿದ್ದೆವು.

ಆ ಭೀಮನ ಪಾತ್ರವನ್ನು ಮಾಡುತ್ತಿದ್ದವನು ಒಬ್ಬ ಜೀತದಾಳು. ವರ್ಷದ ಮುನ್ನೂರು ಚಿಲ್ಲರೆ ದಿನ ಅವನು ತಲೆ ತಗ್ಗಿಸಿಯೇ ನಡೆಯುವವನು. ಧಣಿಯ ಎದುರಿಗೆ ಅವನ ಧ್ವನಿ ಗಂಟಲಿನಿಂದ ಹೊರಡುತ್ತಿರಲಿಲ್ಲ. ಅದೇ ಮನುಷ್ಯ ಆ ಒಂದು ರಾತ್ರಿ ಗದೆ ಹಿಡಿದು ಗರ್ಜಿಸಿದಾಗ ಅವನ ಧಣಿಯೂ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುತ್ತಿದ್ದನು. ಮರುದಿನ ಹೊಲಕ್ಕೆ ಹೋಗುವಾಗ ದಾರಿಯಲ್ಲಿ ಸಿಕ್ಕವರು, “ಏನೋ ಭೀಮಸೇನ, ರಾತ್ರಿ ಊರನ್ನೇ ನಡುಗಿಸಿಬಿಟ್ಟೆಯಲ್ಲೋ!” ಎನ್ನುತ್ತಿದ್ದರು. ಅವನ ಮುಖದಲ್ಲಿ ಮೂಡುತ್ತಿದ್ದ ನಗೆ ನನಗೆ ಇಂದಿಗೂ ನೆನಪಿದೆ. ಆಟದಿಂದ ಅವನ ಜೀತ ತಪ್ಪಲಿಲ್ಲ. ಹಾಗೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ತಾನೂ ಒಬ್ಬ ಮನುಷ್ಯ, ತನ್ನೊಳಗೂ ಒಂದು ಶಕ್ತಿಯಿದೆ ಎಂಬ ಅರಿವನ್ನು ಆ ಅಟ್ಟ ಅವನಿಗೆ ಕೊಟ್ಟಿತು. ಆ ಅರಿವನ್ನು ಊರೂ ಕಂಡಿತು.

ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: “ಶ್ರೇಷ್ಠವಾದ ಕಲೆ ಒಬ್ಬ ಪ್ರತಿಭಾವಂತನಿಂದ ಹುಟ್ಟುತ್ತದೆ, ಹತ್ತು ಜನ ಕೂಡಿ ಮಾಡಿದ್ದು ಕೇವಲ ಕಾಲಕ್ಷೇಪ.” ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕುಮಾರವ್ಯಾಸನ ಭಾರತವನ್ನು ಊರಿನವರೆಲ್ಲ ಸೇರಿ ಬರೆಯಲಿಲ್ಲ. ಅದು ಒಬ್ಬ ಮಹಾಕವಿಯ ಸೃಷ್ಟಿ. ಆದರೆ ಅದು ಶತಮಾನಗಳನ್ನು ದಾಟಿ ನಮ್ಮವರೆಗೆ ಬಂದದ್ದು ಹೇಗೆ? ಓಲೆಗರಿಗಳ ಕಟ್ಟಿನಲ್ಲಿ ಮಾತ್ರ ಮಲಗಿದ್ದರೆ ಅದು ಪಂಡಿತರ ಸೊತ್ತಾಗಿ ಉಳಿಯುತ್ತಿತ್ತು. ಸಂಜೆ ಗುಡಿಯ ಪ್ರಾಂಗಣದಲ್ಲಿ ಗಮಕಿಯೊಬ್ಬರು ರಾಗವಾಗಿ ಓದಿ, ಪಕ್ಕದಲ್ಲಿ ಕುಳಿತ ಮತ್ತೊಬ್ಬರು ಅರ್ಥ ಹೇಳಿ, ಸುತ್ತಲೂ ಊರು ಕಿವಿಗೊಟ್ಟು ಕೇಳಿದ್ದರಿಂದ ಅದು ಜನರ ಕಾವ್ಯವಾಯಿತು. ಮಳೆ ಬಾರದ ವರ್ಷ ವಿರಾಟಪರ್ವವನ್ನು ಓದಿಸುವ ಪದ್ಧತಿ ನಮ್ಮ ಅನೇಕ ಹಳ್ಳಿಗಳಲ್ಲಿತ್ತು. ಓದಿದ್ದರಿಂದ ಮಳೆ ಬರುತ್ತಿತ್ತೇ ಎಂಬುದು ಬೇರೆಯ ಪ್ರಶ್ನೆ; ಬರಗಾಲದ ಭಯವನ್ನು ಒಬ್ಬೊಬ್ಬರೇ ಮನೆಯೊಳಗೆ ಕುಳಿತು ಅನುಭವಿಸುವ ಬದಲು ಹತ್ತು ಜನ ಕೂಡಿ ಎದುರಿಸುವ ಧೈರ್ಯವಂತೂ ಅದರಿಂದ ಬರುತ್ತಿತ್ತು. ಒಬ್ಬನ ಪ್ರತಿಭೆ ಬೀಜ. ಸಮುದಾಯ ಅದನ್ನು ಬೆಳೆಸುವ ನೆಲ. ಇವೆರಡೂ ಒಂದಕ್ಕೊಂದು ವಿರೋಧಿಗಳಲ್ಲ.

ನಿತ್ಯದ ಬಾಳಿನ ಕಡೆಗೆ ಹಿರಿಯ ಕಲಾವಿದರೂ ಗೌರವದಿಂದ ತಿರುಗಿ ನೋಡಿದ್ದುಂಟು. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿಯವರ ಅಪೇಕ್ಷೆಯಂತೆ ಶಾಂತಿನಿಕೇತನದ ಚಿತ್ರಕಾರ ನಂದಲಾಲ ಬೋಸರು ಅಧಿವೇಶನದ ಆವರಣಕ್ಕಾಗಿ ಚಿತ್ರಗಳನ್ನು ರಚಿಸಿದರು. ಅವುಗಳಲ್ಲಿ ರಾಜಮಹಾರಾಜರ ವೈಭವವಿರಲಿಲ್ಲ. ಡೋಲು ಬಾರಿಸುವವನು, ಮಗುವನ್ನು ಎತ್ತಿಕೊಂಡ ತಾಯಿ, ಉಳುವವನು, ಕುಶಲಕರ್ಮಿ, ಇಂಥವರೇ ಅಲ್ಲಿ ತುಂಬಿದ್ದರು. ಅಧಿವೇಶನಕ್ಕೆ ಬಂದ ಹಳ್ಳಿಯ ಜನ ಅಲ್ಲಿ ತಮ್ಮ ಬಾಳನ್ನೇ ಕಂಡರು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಹಿಂದಿನದನ್ನು ನೆನೆಯುವಾಗ ನಮ್ಮ ಕಣ್ಣು ಸಾಮಾನ್ಯವಾಗಿ ಒಳ್ಳೆಯದನ್ನೇ ಹೆಕ್ಕಿಕೊಳ್ಳುತ್ತದೆ. ನಮ್ಮೂರಿನ ದೊಡ್ಡಾಟವನ್ನು ‘ಊರಿನ ಆಟ’ ಎಂದು ನಾವು ಹೆಮ್ಮೆಯಿಂದ ಕರೆಯುತ್ತಿದ್ದೆವು. ಆದರೆ ಆ ಊರು ಎಂದರೆ ಯಾರು? ಮೆರವಣಿಗೆಯಲ್ಲಿ ಹಲಗೆ ಬಾರಿಸುವುದಕ್ಕೆ ಊರ ಹೊರಗಿನ ಕೇರಿಯವರು ಬೇಕಾಗಿತ್ತು. ಆಟ ನೋಡುವಾಗ ಮಾತ್ರ ಅವರು ದೂರದಲ್ಲಿ, ದೀಪದ ಬೆಳಕು ಮುಗಿಯುವ ಕಡೆಯಲ್ಲಿ ನಿಲ್ಲಬೇಕಾಗಿತ್ತು. ದ್ರೌಪದಿಯ ಸಂಕಟವನ್ನು ಕಂಡು ಇಡೀ ಊರು ಕಣ್ಣೀರು ಸುರಿಸುತ್ತಿತ್ತು. ಆದರೆ ದ್ರೌಪದಿಯ ವೇಷವನ್ನು ಒಬ್ಬ ಹೆಣ್ಣುಮಗಳು ಧರಿಸುವುದನ್ನು ಆ ಊರು ಒಪ್ಪುತ್ತಿರಲಿಲ್ಲ. ನನ್ನ ತಾಯಿ ಐವತ್ತು ವರ್ಷ ರಂಗೋಲಿ ಹಾಕಿದರು, ಹಳೆಯ ಸೀರೆಗಳನ್ನು ಸೇರಿಸಿ ಹತ್ತಾರು ಕೌದಿಗಳನ್ನು ಹೊಲಿದರು. ಅವರನ್ನು ಕಲಾವಿದೆಯೆಂದು ನಮ್ಮಲ್ಲಿ ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಹಂಚಿಕೊಳ್ಳುವುದು ಕಲೆಯ ಧರ್ಮವೆಂದ ಮೇಲೆ ಕೆಲವರನ್ನು ಹೊರಗಿಟ್ಟು ಹಂಚಿಕೊಂಡದ್ದು ಪೂರ್ಣವಾದ ಹಂಚಿಕೆಯಾಗಲಾರದು.

ಸಂತೋಷದ ಸಂಗತಿಯೆಂದರೆ, ಈ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿವೆ. ಗಂಡಸರ ಗುತ್ತಿಗೆಯೆನಿಸಿದ್ದ ಡೊಳ್ಳನ್ನು ಹೆಣ್ಣುಮಕ್ಕಳು ಹೆಗಲಿಗೇರಿಸಿ ಕುಣಿಯುತ್ತಿದ್ದಾರೆ. ಯಕ್ಷಗಾನದಲ್ಲಿ ಮಹಿಳೆಯರ ತಂಡಗಳು ಹುಟ್ಟಿಕೊಂಡಿವೆ. ಮನೆಯಿಂದಲೂ ಸಮಾಜದಿಂದಲೂ ತಿರಸ್ಕಾರವನ್ನು ಉಂಡು, ಜೋಗತಿ ನೃತ್ಯವನ್ನೇ ಬಾಳಿನ ಆಸರೆಯಾಗಿ ಮಾಡಿಕೊಂಡ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಪರಂಪರೆಯನ್ನು ಉಳಿಸುವುದೆಂದರೆ ಹಿಂದೆ ಇದ್ದಂತೆಯೇ ಇಡುವುದಲ್ಲ; ಅದರ ಒಳಗೆ ಹಿಂದೆ ಜಾಗವಿಲ್ಲದವರಿಗೂ ಜಾಗ ಮಾಡುವುದು.

ಒಂದು ಬಾಗಿಲು ತೆರೆಯುತ್ತಿರುವಾಗ ಇನ್ನೊಂದು ಕಡೆ ಮತ್ತೊಂದು ಬಗೆಯ ಕೇಡು ಕಾಣಿಸಿಕೊಂಡಿದೆ. ಈಗ ನಮ್ಮೂರಿನ ಜಾತ್ರೆಗೆ ಪಟ್ಟಣದಿಂದ ತಂಡವನ್ನು ಹಣ ಕೊಟ್ಟು ಕರೆಸುತ್ತಾರೆ. ಬಣ್ಣಬಣ್ಣದ ದೀಪಗಳು, ಎದೆ ನಡುಗಿಸುವ ಧ್ವನಿವರ್ಧಕಗಳು, ಚಲನಚಿತ್ರದ ಹಾಡುಗಳು. ಜನ ಮೊದಲಿಗಿಂತ ಹೆಚ್ಚಾಗಿಯೇ ಸೇರುತ್ತಾರೆ. ಮೊದಮೊದಲು ನನಗೂ ಇದರಲ್ಲಿ ದೋಷ ಕಾಣಲಿಲ್ಲ. ಆದರೆ ಒಂದು ವರ್ಷ ಜಾತ್ರೆಯ ಮರುದಿನ ಬೆಳಿಗ್ಗೆ ಗುಡಿಯ ಕಟ್ಟೆಯ ಬಳಿ ಕುಳಿತಿದ್ದಾಗ ಒಂದು ವಿಚಾರ ಹೊಳೆಯಿತು. ಹಿಂದೆ ಆಟದ ಮರುದಿನ ಆ ಕಟ್ಟೆಯ ಮೇಲೆ ಮಾತು ನಿಲ್ಲುತ್ತಿರಲಿಲ್ಲ. ಯಾರು ತಾಳ ತಪ್ಪಿದರು, ಯಾರು ಪದ ಮರೆತರು, ಯಾರ ಮಗ ಚೆನ್ನಾಗಿ ಕುಣಿದ ಎಂದು ವಾರಗಟ್ಟಲೆ ಚರ್ಚೆ. ಈಗ ಯಾರಿಗೂ ಆಡಲು ಮಾತೇ ಇರಲಿಲ್ಲ. ಬಂದವರು ಹಾಡಿದರು, ಹಣ ಪಡೆದರು, ಹೋದರು. ಊರಿನ ಕೈಯಲ್ಲಿ ಏನು ಉಳಿಯಿತು? ಮನರಂಜನೆ ದೊರೆತಿತ್ತು, ಅನುಭವ ದೊರೆತಿರಲಿಲ್ಲ.

ಈಗಂತೂ ಪ್ರತಿಯೊಬ್ಬರ ಅಂಗೈಯಲ್ಲಿಯೂ ಒಂದು ರಂಗಮಂದಿರವಿದೆ. ಜಗತ್ತಿನ ಯಾವ ಮೂಲೆಯ ಹಾಡನ್ನಾದರೂ ಕುಣಿತವನ್ನಾದರೂ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ನೋಡಬಹುದು. ಇದು ಸಣ್ಣ ವರವೇನೂ ಅಲ್ಲ. ಆದರೆ ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ಕುಳಿತು ನಾಲ್ಕು ಬೇರೆ ಬೇರೆ ನಗೆಗಳನ್ನು ನಗುವಾಗ, ಕೂಡಿ ನಗುವ ಅಭ್ಯಾಸ ತಪ್ಪಿಹೋಗುತ್ತದೆ. ಕೂಡಿ ನಕ್ಕವರು ಮಾತ್ರ ಕಷ್ಟ ಬಂದಾಗ ಕೂಡಿ ಅಳಬಲ್ಲರು ಎಂಬುದನ್ನು ಮರೆಯಬಾರದು.

ಹಾಗಾದರೆ ಕಾಲವನ್ನು ಹಿಂದಕ್ಕೆ ತಿರುಗಿಸಬೇಕೇ? ಅದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಹೊಸ ಕಾಲಕ್ಕೆ ತಕ್ಕಂತೆ ಊರೊಟ್ಟಿನ ಕಲೆಯನ್ನು ಕಟ್ಟುವುದು ಸಾಧ್ಯವೆಂಬುದಕ್ಕೆ ನಮ್ಮಲ್ಲಿಯೇ ದೃಷ್ಟಾಂತವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಒಂದು ಚಿಕ್ಕ ಗ್ರಾಮ. ಅಲ್ಲಿಯ ಜನ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಹುಟ್ಟುಹಾಕಿದರು. ‘ನೀನಾಸಮ್’ ಎಂದು ಹೆಸರಾದ ಆ ಸಂಸ್ಥೆಯನ್ನು ಕೆ. ವಿ. ಸುಬ್ಬಣ್ಣನವರು ತಮ್ಮ ಊರಿನವರೊಡನೆ ಸೇರಿ ಬೆಳೆಸಿದರು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. 1985ರಲ್ಲಿ ಆರಂಭವಾದ ‘ತಿರುಗಾಟ’ ತಂಡ ನಾಡಿನ ಊರೂರಿಗೆ ನಾಟಕಗಳನ್ನು ಕೊಂಡೊಯ್ದಿತು. ತೋಟದಲ್ಲಿ ದುಡಿದವರು ಸಂಜೆ ಷೇಕ್ಸ್‌ಪಿಯರನ ಪಾತ್ರವಾದರು. ಹಳ್ಳಿಯ ಪ್ರೇಕ್ಷಕರು ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ನೋಡಿ ಚರ್ಚಿಸಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಹಳ್ಳಿಯೆಂದರೆ ಹಳತನ್ನು ಕಾಯುವ ಉಗ್ರಾಣವಲ್ಲ, ಹೊಸತನ್ನು ಅರಗಿಸಿಕೊಳ್ಳುವ ಜೀವ ಎಂಬುದನ್ನು ಹೆಗ್ಗೋಡು ತೋರಿಸಿಕೊಟ್ಟಿತು.

ನನ್ನ ಅಧ್ಯಾಪನ ವೃತ್ತಿಯ ಕಾಲದಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಹೇಳಿ ಈ ವಿಚಾರವನ್ನು ಮುಗಿಸುತ್ತೇನೆ. ಒಂದು ವರ್ಷ ನಮ್ಮ ಶಾಲೆಯ ಹೊರಗೋಡೆಗೆ ಸುಣ್ಣ ಬಳಿದಿದ್ದರು. ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಅಜ್ಜಿ ಅಮ್ಮಂದಿರು ಬರೆಯುವ ಚಿತ್ತಾರಗಳನ್ನು ಕೇಳಿ ಕಲಿತುಬಂದು ಆ ಗೋಡೆಯ ಮೇಲೆ ಬರೆಯಲಿ ಎಂದು ನಾನು ಸೂಚಿಸಿದೆ. ಜಾಣನೆನಿಸಿದ್ದ ಒಬ್ಬ ಹುಡುಗ ಎದ್ದು ನಿಂತು, “ಇದಕ್ಕೆ ಎಷ್ಟು ಅಂಕ ಸಾರ್?” ಎಂದು ಕೇಳಿದ. “ಅಂಕವಿಲ್ಲಪ್ಪ” ಎಂದೆ. ಅವನು ಸುಮ್ಮನೆ ಕುಳಿತ. ಕೆಲಸ ಆರಂಭವಾಯಿತು. ತರಗತಿಯಲ್ಲಿ ಎಂದೂ ಬಾಯಿಬಿಡದ, ಪ್ರತಿ ಪರೀಕ್ಷೆಯಲ್ಲಿಯೂ ಹಿಂದೆ ಬೀಳುತ್ತಿದ್ದ ಒಬ್ಬ ಹುಡುಗಿ ಅಳುಕದೆ ಒಂದೇ ಎಳೆಯಲ್ಲಿ ತೇರಿನ ಚಿತ್ತಾರವನ್ನು ಬರೆದು ಮುಗಿಸಿದಳು. ಎಲ್ಲರೂ ಬೆರಗಾದರು. ಮೂರನೆಯ ದಿನ ನೋಡುತ್ತೇನೆ, ಅಂಕ ಕೇಳಿದ್ದ ಹುಡುಗ ಅವಳ ಪಕ್ಕದಲ್ಲಿ ಬಣ್ಣದ ತಟ್ಟೆ ಹಿಡಿದು ನಿಂತು, “ಈ ಎಳೆಯನ್ನು ಎಲ್ಲಿಂದ ತಿರುಗಿಸಬೇಕು, ಹೇಳಿಕೊಡೇ” ಎಂದು ಕೇಳುತ್ತಿದ್ದ. ಅಂದಿನಿಂದ ಆ ಹುಡುಗಿ ತರಗತಿಯಲ್ಲಿ ತಲೆಯೆತ್ತಿ ಕುಳಿತಳು. ಆ ಗೋಡೆಯನ್ನು ನೋಡಿದಾಗಲೆಲ್ಲ ನನಗೆ ನಮ್ಮೂರಿನ ಭೀಮನ ನೆನಪಾಗುತ್ತಿತ್ತು.

ಎಳೆಯ ಮಿತ್ರರೇ, ನೀವೆಲ್ಲರೂ ಕಲಾವಿದರಾಗಿ ಹೆಸರು ಗಳಿಸಬೇಕೆಂದು ನಾನು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಹಾಡು ಬರುತ್ತದೆ, ಯಾವ ಚಿತ್ತಾರ ಬರುತ್ತದೆ, ನಿಮ್ಮ ಕೇರಿಯಲ್ಲಿ ಯಾರ ಮನೆಯ ಮೂಲೆಯಲ್ಲಿ ಮದ್ದಳೆಯೊಂದು ಧೂಳು ಹಿಡಿದು ಕುಳಿತಿದೆ ಎಂಬುದನ್ನು ವಿಚಾರಿಸಿ ತಿಳಿಯಿರಿ. ಕೇಳಿ, ಕಲಿಯಿರಿ, ಕಲಿತದ್ದನ್ನು ಇನ್ನೊಬ್ಬರೊಡನೆ ಕೂಡಿ ಮಾಡಿರಿ. ನಿಮ್ಮೊಡನೆ ಕೂಡಲು ಹಿಂಜರಿದು ದೂರದಲ್ಲಿ ನಿಂತವರು ಯಾರಾದರೂ ಇದ್ದರೆ ಮೊದಲು ಅವರನ್ನು ಕೈಹಿಡಿದು ಕರೆತನ್ನಿರಿ. ದೀಪದ ಬೆಳಕು ಅವರವರೆಗೂ ಮುಟ್ಟಿದಾಗ ಮಾತ್ರ ಅದನ್ನು ಊರಿನ ಆಟ ಎಂದು ಕರೆಯುವ ಹಕ್ಕು ನಮಗೆ ಬರುತ್ತದೆ.